ಕಲ್ಲಿನ ಮೇಲಿನ ಕಥೆ, ಕಾಟನ್ ಹೆಸರಿನ ಶಾಲೆ

"ಎಲ್ಲರೂ ಚೆಂಡು ಒದೀತಾ ಇದ್ದರು. ಒಬ್ಬ ಹುಡುಗ ಅದನ್ನ ಕೈಯಲ್ಲಿ ಎತ್ಕೊಂಡು ಓಡಿಬಿಟ್ಟ. ರಗ್ಬಿ ಹುಟ್ಟಿತು. ಇದರಲ್ಲಿ ಅನುಮಾನ ಪಡೋದಕ್ಕೆ ಏನಿದೆ ಮಾವ?" ಎಂದಳು ಹುಡುಗಿ.

ಬೆಂಗಳೂರಿನ ಒಂದು ಕ್ಲಬ್ಬಿಗೆ ರಗ್ಬಿ ಆಡುವವಳು ಅವಳು. ಎರಡೂ ಮೊಣಕೈ ತರಚಿಕೊಂಡೇ ಮೈಸೂರಿಗೆ ರಜೆಗೆ ಬಂದಿದ್ದಳು. ಸೋದರಮಾವ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ರಗ್ಬಿ ಚೆಂಡನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಆದರೆ ಯಾವುದಾದರೂ ಕಥೆ ತೀರಾ ಚೆನ್ನಾಗಿದೆ ಎನ್ನಿಸಿದರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ.

"ನೋಡಿದವರು ಯಾರು ಅಂತ ಮೊದಲು ಕೇಳು."

"ಇಂಗ್ಲೆಂಡಿನ ರಗ್ಬಿ ಶಾಲೆಯ ಗೋಡೆ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ ಮಾವ. ವಿಲಿಯಂ ವೆಬ್ ಎಲ್ಲಿಸ್, 1823. ವಿಶ್ವಕಪ್ಪಿಗೇ ಅವನ ಹೆಸರಿದೆ."

"ಕಲ್ಲು ನೆಟ್ಟಿದ್ದು 1900ರಲ್ಲಿ. ಕಥೆ ಮೊದಲು ಅಚ್ಚಾದದ್ದು 1876ರಲ್ಲಿ, ಶಾಲೆಯ ಪತ್ರಿಕೆ 'ಮೀಟಿಯರ್'ನಲ್ಲಿ. ಬರೆದವನು ಮ್ಯಾಥ್ಯೂ ಬ್ಲಾಕ್ಸಮ್ ಅಂತ, ಆ ಊರಿನವನೇ, ಹಳೇ ವಿದ್ಯಾರ್ಥಿ. ಆದರೆ 1823ಕ್ಕೆ ಮೊದಲೇ ಅವನು ಶಾಲೆ ಬಿಟ್ಟಾಗಿತ್ತು. ಮೊದಲ ಕಾಗದದಲ್ಲಿ ಇಸವಿ 1824. ನಾಲ್ಕು ವರ್ಷ ಕಳೆದು ಇನ್ನೊಂದು ಕಾಗದ ಬರೆದ, ಅದರಲ್ಲಿ 1823 ಆಯಿತು. ತನಗೆ ಇದನ್ನ ಯಾರು ಹೇಳಿದರು ಅಂತ ಎಲ್ಲೂ ಹೆಸರು ಬರೆದಿಲ್ಲ."

"ಎಲ್ಲಿಸ್‌ನ ಕೇಳಬಹುದಿತ್ತಲ್ಲ?"

"ಅವನು 1872ರಲ್ಲೇ ಫ್ರಾನ್ಸಿನ ಮೆಂಟನ್ ಅನ್ನೋ ಊರಲ್ಲಿ ತೀರಿಕೊಂಡಿದ್ದ. ಆಕ್ಸ್‌ಫರ್ಡ್‌ನಲ್ಲಿ ಓದಿ ಪಾದ್ರಿಯಾದವನು. 1827ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವೆ ನಡೆದ ಮೊಟ್ಟಮೊದಲ ಕ್ರಿಕೆಟ್ ಪಂದ್ಯದಲ್ಲಿ ಆಡಿದ್ದಾನೆ, ಅದಕ್ಕೆ ದಾಖಲೆ ಇದೆ. ತಾನೊಂದು ಹೊಸ ಆಟ ಹುಟ್ಟಿಸಿದೆ ಅಂತ ಬದುಕಿದ್ದಾಗ ಹೇಳಿಕೊಂಡಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಸಮಾಧಿ ಎಲ್ಲಿದೆ ಅನ್ನೋದೇ ಮರೆತುಹೋಗಿ 1958ರಲ್ಲಿ ಹುಡುಕಿ ತೆಗೆಯಬೇಕಾಯಿತು."

ಹುಡುಗಿ ಸುಲಭಕ್ಕೆ ಬಿಟ್ಟುಕೊಡಲಿಲ್ಲ. ವಿಚಾರಣೆ ನಡೆಸಿಯೇ ಕಲ್ಲು ನೆಟ್ಟಿದ್ದಾರೆ ಎಂದು ತಾನು ಓದಿದ್ದನ್ನು ಹೇಳಿದಳು. ಮಾವ ಅದನ್ನೇ ಕಾಯುತ್ತಿದ್ದವರಂತೆ ನಕ್ಕರು. ಹೌದು, ಹಳೇ ವಿದ್ಯಾರ್ಥಿಗಳ ಸಂಘ 1895ರಲ್ಲಿ ಒಂದು ಸಮಿತಿ ಮಾಡಿತ್ತು. ಅಷ್ಟರಲ್ಲಿ ಬ್ಲಾಕ್ಸಮ್ ಕೂಡ ತೀರಿಕೊಂಡಿದ್ದ. ಕಣ್ಣಾರೆ ಕಂಡವನೊಬ್ಬನೂ ಸಿಗಲಿಲ್ಲ. ಎಲ್ಲಿಸ್‌ನ ಕಾಲದಲ್ಲಿ ಅಲ್ಲಿ ಓದುತ್ತಿದ್ದ ಒಬ್ಬ ಮುದುಕ ಪಾದ್ರಿ ಮಾತ್ರ, ಕ್ರಿಕೆಟ್ಟಿನಲ್ಲಿ ಆ ಹುಡುಗ ಗಟ್ಟಿಗ, ಫುಟ್ಬಾಲಿನಲ್ಲಿ ಸ್ವಲ್ಪ ಅನ್ಯಾಯದ ಆಟ ಆಡುತ್ತಿದ್ದ ಎಂದು ನೆನಪು ಮಾಡಿಕೊಂಡ. 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಬರೆದ ಥಾಮಸ್ ಹ್ಯೂಸ್ 1834ರಲ್ಲಿ ಶಾಲೆಗೆ ಸೇರಿದವನು. ತನ್ನ ಮೊದಲ ವರ್ಷದಲ್ಲೂ ಚೆಂಡು ಹಿಡಿದು ಓಡುವುದು ಪ್ರಾಣಕ್ಕೇ ಅಪಾಯ ತರುವಂಥ ಸಾಹಸವಾಗಿತ್ತು ಎಂದು ಸಮಿತಿಗೆ ತಿಳಿಸಿದ. ಹಾಗಿದ್ದರೆ ಎಲ್ಲಿಸ್ ಓಡಿ ಹನ್ನೊಂದು ವರ್ಷವಾದರೂ ಆಟ ಬದಲಾಗಿರಲಿಲ್ಲ. ಓಡುವುದನ್ನು ರೂಢಿಗೆ ತಂದವನು ಜೆಮ್ ಮ್ಯಾಕಿ ಎಂಬ ಹುಡುಗ, 1838–39ರ ಹೊತ್ತಿಗೆ. ಒಪ್ಪಿಗೆಯ ಮುದ್ರೆ ಬಿದ್ದದ್ದು 1841–42ರಲ್ಲಿ.

"ಮತ್ತೆ ಅವರಿಗೇಕೆ ಎಲ್ಲಿಸ್ ಬೇಕಾಯ್ತು? ಮ್ಯಾಕಿ ಹೆಸರನ್ನೇ ಕೆತ್ತಿಸಬಹುದಿತ್ತು."

"ಇಸವಿ ನೋಡು, 1895. ಅದೇ ವರ್ಷ ಆಗಸ್ಟಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಸೇರಿ ಬೇರೆಯಾದವು. ಅಲ್ಲಿ ಆಡೋರು ಗಣಿ ಕೂಲಿಗಳು, ಗಿರಣಿ ಕೆಲಸದವರು. ಶನಿವಾರ ಆಟಕ್ಕೆ ಬಂದರೆ ಅವತ್ತಿನ ಸಂಬಳ ಕತ್ತರಿ. ಆ ಸಂಬಳವನ್ನಾದರೂ ತುಂಬಿಕೊಡಿ ಅಂತ ಕೇಳಿದರು. ದಕ್ಷಿಣದ ದೊಡ್ಡ ಮನುಷ್ಯರು ಆಗಲ್ಲ ಅಂದರು. ಆಟ ಎರಡು ಹೋಳಾಯಿತು, ಯೂನಿಯನ್ ಮತ್ತು ಲೀಗ್. ಆಟ ನಮ್ಮ ಕೈ ತಪ್ಪುತ್ತಿದೆ ಅನ್ನಿಸಿದಾಗ, ಇದು ಹುಟ್ಟಿದ್ದೇ ನಮ್ಮ ಶಾಲೆಯ ಅಂಗಳದಲ್ಲಿ ಅಂತ ಸಾಧಿಸೋದಕ್ಕೆ ಒಬ್ಬ ಹುಡುಗ, ಒಂದು ಮಧ್ಯಾಹ್ನ ಬೇಕಾಯಿತು. ಹೀಗಂತ ಸಮಾಜಶಾಸ್ತ್ರಜ್ಞರು ವಾದಿಸಿದ್ದಾರೆ, ನನಗೂ ಅದು ಸರಿ ಅನ್ನಿಸುತ್ತೆ."

ಹುಡುಗಿ ಕಾಫಿ ಲೋಟ ಕೆಳಗಿಟ್ಟಳು. ಎಲ್ಲಿಸ್ ಸುಳ್ಳಾದರೆ ಶಾಲೆಯಲ್ಲಿ ಉಳಿಯುವುದಾದರೂ ಏನು ಎಂಬುದು ಅವಳ ಪ್ರಶ್ನೆ.

ಉಳಿಯುವುದು ಬೇಕಾದಷ್ಟಿದೆ. ರಗ್ಬಿ ಎಂಬುದು ಇಂಗ್ಲೆಂಡಿನ ವಾರಿಕ್‌ಶೈರ್ ಸೀಮೆಯ ಒಂದು ಪೇಟೆ. ಶಾಲೆ ಕಟ್ಟಿಸಿದವನು ಲಾರೆನ್ಸ್ ಶೆರಿಫ್. ಲಂಡನ್ನಿನಲ್ಲಿ ದಿನಸಿ, ಮಸಾಲೆ ವ್ಯಾಪಾರ ಮಾಡುತ್ತಿದ್ದವನು, ಎಲಿಜಬೆತ್ ರಾಣಿಗೂ ಸಾಮಾನು ಒದಗಿಸುತ್ತಿದ್ದವನು. 1567ರಲ್ಲಿ ಸಾಯುವ ಮುಂಚೆ ತನ್ನೂರಿನ ಹುಡುಗರಿಗೆ ಒಂದು ಶಾಲೆ ಇರಲಿ ಎಂದು ಉಯಿಲು ಬರೆದ. ಅದಕ್ಕೆಂದು ಲಂಡನ್ನಿನ ಹೊರವಲಯದ ಹೊಲದಲ್ಲಿ ಒಂದು ಪಾಲು ಬಿಟ್ಟ. ಊರು ಬೆಳೆದು ಆ ಹೊಲವನ್ನು ನುಂಗಿದಾಗ ಬಾಡಿಗೆಯಿಂದ ಶಾಲೆ ಶ್ರೀಮಂತವಾಯಿತು. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಈಗಲೂ ರಗ್ಬಿ ಸ್ಟ್ರೀಟ್ ಎಂಬ ಬೀದಿಯಿದೆ.

"ಅಂದ್ರೆ ಬಡವರ ಶಾಲೆನಾ?"

"ಹೆಸರಿಗೆ ಊರಿನವರ ಶಾಲೆ. ಹೊರಗಿನಿಂದ ಫೀಸು ಕೊಟ್ಟು ಬರುವವರು ಹೆಚ್ಚಿದ ಹಾಗೆ ಊರ ಹುಡುಗರು ಮೂಲೆಗೆ ಸರಿದರು. ನಿನ್ನ ವೆಬ್ ಎಲ್ಲಿಸ್ ಇದ್ದನಲ್ಲ, ಅವನು ಫೀಸಿಲ್ಲದೆ ಓದಿದ ಹುಡುಗ. ಅಪ್ಪ ಸೈನ್ಯದಲ್ಲಿದ್ದ, 1811ರಲ್ಲಿ ಆಲ್ಬುಎರಾ ಯುದ್ಧದಲ್ಲಿ ಸತ್ತ. ಊರಿನಿಂದ ಹತ್ತು ಮೈಲಿಯೊಳಗೆ ಮನೆಯಿದ್ದರೆ ಫೀಸು ಮಾಫಿ ಅಂತ ತಾಯಿ ಮಕ್ಕಳನ್ನ ಕಟ್ಟಿಕೊಂಡು ಅಲ್ಲಿಗೇ ಬಂದು ಸಂಸಾರ ಹೂಡಿದಳು."

ನಂತರ ಮಾವ 1797ರ ದಂಗೆಯ ಕಥೆ ತೆಗೆದರು. ಹುಡುಗನೊಬ್ಬ ಪಿಸ್ತೂಲು ಹಾರಿಸುತ್ತಿದ್ದದ್ದು ಹೆಡ್‌ಮಾಸ್ಟರ್ ಇಂಗಲ್ಸ್‌ಗೆ ಕೇಳಿಸಿತು. ಮದ್ದು ಎಲ್ಲಿಂದ ಬಂತು ಎಂದಾಗ ಹುಡುಗ ಪೇಟೆಯ ಅಂಗಡಿಯವನ ಹೆಸರು ಹೇಳಿದ. ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಮದ್ದಿನ ಬಾಬ್ತು 'ಟೀ' ಎಂದು ಬರೆದಿತ್ತು. ಸುಳ್ಳು ಹೇಳಿದ್ದಕ್ಕೆ ಹುಡುಗನಿಗೇ ಛಡಿ ಬಿತ್ತು. ಗೆಳೆಯರು ಹೋಗಿ ಅಂಗಡಿಯ ಗಾಜು ಪುಡಿ ಮಾಡಿದರು. ಗಾಜಿನ ದುಡ್ಡು ನೀವೇ ಕಟ್ಟಿ ಎಂದ ಹೆಡ್‌ಮಾಸ್ಟರು. ಹುಡುಗರು ಅವನ ಕೋಣೆಯ ಬಾಗಿಲನ್ನೇ ಸಿಡಿಮದ್ದಿಟ್ಟು ಹಾರಿಸಿದರು. ಮೇಜು, ಬೆಂಚು, ಪುಸ್ತಕ ಎಲ್ಲ ಮೈದಾನಕ್ಕೆ ತಂದು ಸುಟ್ಟರು. ಮೈದಾನದ ಅಂಚಿನಲ್ಲಿ ಸುತ್ತ ನೀರಿದ್ದ ಒಂದು ದಿಬ್ಬವಿತ್ತು. ಅದರ ಮೇಲೆ ಹತ್ತಿ ಸೇತುವೆ ಎತ್ತಿಬಿಟ್ಟರು. ಪೇಟೆಗೆ ಬಂದಿದ್ದ ಸೈನಿಕರು ಹಿಂದಿನಿಂದ ನೀರಿಗಿಳಿದು ಅವರನ್ನು ಹಿಡಿಯಬೇಕಾಯಿತು. ಮುಂದಾಳುಗಳಲ್ಲಿ ಒಬ್ಬನಾಗಿದ್ದ ವಿಲ್ಲೋಬಿ ಕಾಟನ್‌ನನ್ನು ಶಾಲೆಯಿಂದ ಹೊರಹಾಕಿದರು. ಅದೇ ಹುಡುಗ ಐವತ್ತು ವರ್ಷದ ಮೇಲೆ ಬೊಂಬಾಯಿ ಸೈನ್ಯದ ಮಹಾದಂಡನಾಯಕನಾಗಿ ಬಂದ.

"ಮಹಾದಂಡನಾಯಕ! ನಮ್ಮ ಹಾಸ್ಟೆಲಿನಲ್ಲಿ ಇಂಥವರಿಗೆ ಟಿ.ಸಿ. ಕೊಟ್ಟು ಕಳಿಸ್ತಾರೆ ಅಷ್ಟೇ."

"ಈ ಕಾಟನ್ ಹೆಸರನ್ನ ನೆನಪಿಟ್ಟುಕೊ. ಇನ್ನೊಬ್ಬ ಕಾಟನ್ ಬರ್ತಾನೆ."

ಆಟ ಇಂಥ ಹುಡುಗರದು. ಮೇಷ್ಟರುಗಳಿಗೆ ಅದರ ಗೊಡವೆ ಇರಲಿಲ್ಲ. ಒಂದೊಂದು ಕಡೆ ಹತ್ತಾರು, ಕೆಲವು ಸಲ ನೂರಾರು ಹುಡುಗರು. ಎಲ್ಮ್ ಮರಗಳಿದ್ದ 'ಕ್ಲೋಸ್' ಎಂಬ ಮೈದಾನದಲ್ಲಿ ಮಧ್ಯಾಹ್ನವೆಲ್ಲ ಒಂದೇ ಗುಂಪಾಗಿ ಹೊಯ್ದಾಡುವುದು. ನಿಯಮಗಳು ಬಾಯಿಂದ ಬಾಯಿಗೆ ಬಂದವು, ದೊಡ್ಡ ತರಗತಿಯವರು ಸಭೆ ಸೇರಿ ಅವನ್ನು ಆಗಾಗ ಬದಲಾಯಿಸಿಕೊಂಡರು. 1845ರ ಆಗಸ್ಟ್ 28ರಂದು ಅವು ಬರಹಕ್ಕೆ ಇಳಿದವು, ಒಟ್ಟು 37. ಬರೆದವರು ಮೂರು ಹುಡುಗರು. ಅವರಲ್ಲಿ ಒಬ್ಬ ವಿಲಿಯಂ ಡೆಲಾಫೀಲ್ಡ್ ಆರ್ನಾಲ್ಡ್, ಸತ್ತುಹೋಗಿದ್ದ ಹೆಡ್‌ಮಾಸ್ಟರ್ ಥಾಮಸ್ ಆರ್ನಾಲ್ಡನ ಮಗ. ಆಗಿನ್ನೂ ಹದಿನೇಳು ವರ್ಷ. ಮುಂದೆ ಪಂಜಾಬಿನಲ್ಲಿ ವಿದ್ಯಾ ಇಲಾಖೆಯ ಮೊದಲ ನಿರ್ದೇಶಕನಾದ.

ನಿಯಮಗಳ ವಿಷಯ ಬಂದ ಮೇಲೆ ಹುಡುಗಿಯ ಕಣ್ಣು ಅರಳಿತು. ಬೂಟಿನ ಅಟ್ಟೆಯಲ್ಲಿ ಮೊಳೆ ಚಾಚಿರಬಾರದು, ಕಬ್ಬಿಣದ ತಗಡು ಇರಬಾರದು ಎಂಬ ನಿಯಮ ಕೇಳಿ ಜೋರಾಗಿ ನಕ್ಕಳು. ಈಗಲೂ ಆಟಕ್ಕೆ ಮುಂಚೆ ರೆಫರಿ ಬಂದು ಬೂಟಿನ ಸ್ಟಡ್ಡನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡುತ್ತಾರಂತೆ. ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದು, ಹಿಮ್ಮಡಿಯಿಂದ ಮಾತ್ರ ಒದೆಯುವಂತಿಲ್ಲ, ಇದೂ ಒಂದು ನಿಯಮ. ಐದು ದಿನ ಆಡಿದರೂ ತೀರ್ಮಾನವಾಗದಿದ್ದರೆ ಪಂದ್ಯ ಸಮ. ಮೂರು ದಿನ ಒಂದೂ ಗೋಲು ಬೀಳದಿದ್ದರೂ ಸಮ.

"ಐದು ದಿನ! ಟೆಸ್ಟ್ ಮ್ಯಾಚು ಅನ್ನಿ."

"ನನಗೆ ಅರ್ಥವಾಗದೇ ಇರೋದು ಒಂದಿದೆ," ಎಂದರು ಮಾವ. "ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಅಂಕ ಕೊಡ್ತಾರೆ. ಅದಕ್ಕೆ 'ಟ್ರೈ' ಅಂತ ಯಾಕೆ ಹೆಸರು? ಆಗಲೇ ಸಾಧಿಸಿ ಆಯಿತಲ್ಲ?"

ಇಲ್ಲಿ ಹುಡುಗಿಯೇ ಮೇಷ್ಟರಾದಳು. ಹಳೆಯ ಆಟದಲ್ಲಿ ಚೆಂಡು ಮುಟ್ಟಿಸಿದ್ದಕ್ಕೆ ಅಂಕವೇ ಇರಲಿಲ್ಲ. ಮುಟ್ಟಿಸಿದ ತಂಡಕ್ಕೆ ಗೋಲಿಗೆ ಒದ್ದು ನೋಡುವ ಒಂದು ಅವಕಾಶ ಸಿಗುತ್ತಿತ್ತು, ಅಷ್ಟೇ. ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಚೆಂಡು ಹಾರಿದರೆ ಗೋಲು. ಇಲ್ಲದಿದ್ದರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಈಗ ಮುಟ್ಟಿಸಿದ್ದಕ್ಕೇ 5 ಅಂಕ, ಆಮೇಲೆ ಒದ್ದು ಗೋಲಾದರೆ 2. "ಲೆಕ್ಕ ಪೂರ್ತಿ ತಲೆಕೆಳಗಾಗಿದೆ ಮಾವ, ಹೆಸರು ಮಾತ್ರ ಹಾಗೇ ಉಳಿದಿದೆ."

ಇನ್ನೂ ಕೆಲವು ಹಾಗೇ ಉಳಿದಿವೆ. ಇಂಗ್ಲೆಂಡ್ ತಂಡದ ಬಿಳಿ ಅಂಗಿ ರಗ್ಬಿ ಶಾಲೆಯ ಅಂಗಿ ಎನ್ನುತ್ತಾರೆ. 1871ರ ಜನವರಿಯಲ್ಲಿ ಲಂಡನ್ನಿನಲ್ಲಿ 21 ಕ್ಲಬ್ಬುಗಳು ಸೇರಿ ರಗ್ಬಿ ಯೂನಿಯನ್ ಕಟ್ಟಿಕೊಂಡಾಗ ಅದರ ಕಾನೂನು ಬರೆದ ಮೂವರೂ ಆ ಶಾಲೆಯ ಹಳೇ ಹುಡುಗರೇ, ಮೂವರೂ ವಕೀಲರು. ರಗ್ಬಿಯಲ್ಲಿ ರೂಲ್ಸ್ ಎನ್ನದೆ ಲಾಸ್ ಎನ್ನುವುದು ಆ ವಕೀಲಿಕೆಯ ಛಾಪು ಎಂದು ಹೇಳುವವರಿದ್ದಾರೆ. ಅವರಲ್ಲಿ ಒಬ್ಬ ಆಡಲು ಹೋಗಿ ಕಾಲು ಮುರಿದುಕೊಂಡು ಮಲಗಿದ್ದ, ಬರೆಯುವ ಕೆಲಸದ ಹೆಚ್ಚಿನ ಪಾಲು ಅವನ ತಲೆಗೆ ಬಂತು. ಎಂಟು ವರ್ಷ ಹಿಂದೆ ಫುಟ್ಬಾಲಿನವರ ಜೊತೆ ಜಗಳವಾದದ್ದೇ ಕಾಲಿಗೆ ಒದೆಯುವುದನ್ನು ಬಿಡುವುದಿಲ್ಲ ಎಂದು. ಈಗ ಆ ಒದೆತವನ್ನು ಇವರೇ ಕೈಬಿಟ್ಟರು.

"ಚೆಂಡು ಮೊಟ್ಟೆ ಥರ ಯಾಕಿದೆ ಗೊತ್ತಾ?" ಈ ಸಲ ಪರೀಕ್ಷೆ ಮಾವನದು.

"ಹಂದಿಯ ಮೂತ್ರಕೋಶ," ಎಂದಳು ತಟ್ಟನೆ. "ಉಬ್ಬಿಸಿದರೆ ಅದು ಇರೋದೇ ಹಾಗೆ."

"ಉಬ್ಬಿಸಿದ್ದು ಯಾರು?"

ಅದು ಅವಳಿಗೆ ಗೊತ್ತಿರಲಿಲ್ಲ. ರಗ್ಬಿ ಪೇಟೆಯಲ್ಲಿ ವಿಲಿಯಂ ಗಿಲ್ಬರ್ಟ್, ರಿಚರ್ಡ್ ಲಿಂಡನ್ ಎಂಬ ಇಬ್ಬರು ಬೂಟು ಹೊಲಿಯುವವರಿದ್ದರು. ಶಾಲೆಯ ಹುಡುಗರಿಗೆ ಬೂಟಿನ ಜೊತೆ ಚೆಂಡೂ ಬೇಕು. ಹಸಿ ಹಂದಿಯ ಮೂತ್ರಕೋಶದ ಬಾಯಿಗೆ ಮಣ್ಣಿನ ಚುಟ್ಟಾ ಪೈಪಿನ ಕೊಳವೆ ಸಿಕ್ಕಿಸಿ, ಮೂಗು ಬಿಗಿಹಿಡಿದು, ಕೆನ್ನೆ ನೋಯುವ ತನಕ ಊದಬೇಕು. ಆಮೇಲೆ ಅದರ ಮೇಲೆ ತೊಗಲಿನ ಪಟ್ಟಿ ಹೊಲಿಯಬೇಕು. ಲಿಂಡನ್‌ನ ಅಂಗಡಿಯಲ್ಲಿ ಊದುವ ಕೆಲಸ ಹೆಂಡತಿಯದು. ರೋಗ ಹಿಡಿದ ಹಂದಿಗಳ ಮೂತ್ರಕೋಶ ಊದಿ ಊದಿ ಶ್ವಾಸಕೋಶದ ಕಾಯಿಲೆಯಿಂದ ಆಕೆ ಸತ್ತಳು ಎನ್ನುತ್ತಾರೆ. ಅವಳು ಹೋದ ಮೇಲೆ, 1862ರ ಸುಮಾರಿಗೆ, ಲಿಂಡನ್ ರಬ್ಬರಿನ ಬ್ಲಾಡರ್ ಮಾಡಿದ. ಅದು ಬಾಯಿಂದ ಊದಲಾಗದಷ್ಟು ಗಡಸು. ಹಾಗಾಗಿ ಹಿತ್ತಾಳೆಯ ಪಂಪನ್ನೂ ಮಾಡಿದ. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಇವತ್ತು ಜಗತ್ತಿನ ಚೆಂಡುಗಳ ಮೇಲೆ ಕಾಣುವುದು ಗಿಲ್ಬರ್ಟ್ ಹೆಸರು.

ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಲ್ಲು ನೆಡುವುದಾದರೆ ಆಕೆಗೆ ನೆಡಬೇಕಿತ್ತು ಎಂದಳು. ಮಾವ ಅದಕ್ಕೆ ಎದುರಾಡಲಿಲ್ಲ.

"ಆದರೂ ಒಂದು ಕೇಳ್ತೀನಿ. ಹುಡುಗರ ಪುಂಡಾಟ ಇದ್ದದ್ದು ಶಿಸ್ತು, ಚಾರಿತ್ರ್ಯ, ಟೀಂ ಸ್ಪಿರಿಟ್ ಅನ್ನೋ ಮಾತಾಗಿದ್ದು ಯಾವಾಗ? ನಮ್ಮ ಕೋಚ್ ದಿನಾ ಅದನ್ನೇ ಹೇಳ್ತಾರೆ. ಆರ್ನಾಲ್ಡ್ ತಾನೇ ಅದನ್ನ ತಂದದ್ದು?"

"ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಫ್ರಾನ್ಸಿನ ಕೂಬರ್ತಾನ್‌ಗೂ ಅದೇ ನಂಬಿಕೆ. 1880ರ ದಶಕದಲ್ಲಿ ಆ ಶಾಲೆಗೆ ಬಂದು, ಚಾಪೆಲ್‌ನಲ್ಲಿ ಆರ್ನಾಲ್ಡನ ಸಮಾಧಿ ಮುಂದೆ ನಿಂತು ಹೋದವನು. ಆಟದಿಂದ ಮನುಷ್ಯರನ್ನ ತಯಾರು ಮಾಡಿದವನು ಈತನೇ ಅಂತ ಊರೆಲ್ಲ ಸಾರಿದ. 1892ರಲ್ಲಿ ಫ್ರಾನ್ಸಿನ ಮೊದಲ ರಗ್ಬಿ ಫೈನಲ್‌ಗೆ ರೆಫರಿ ಆಗಿದ್ದ. ನಾಲ್ಕು ವರ್ಷದಲ್ಲಿ ಒಲಿಂಪಿಕ್ಸನ್ನೇ ಎಬ್ಬಿಸಿ ನಿಲ್ಲಿಸಿದ. ಆದರೆ ಆರ್ನಾಲ್ಡ್ 1828ರಿಂದ 1842ರವರೆಗೆ ಹೆಡ್‌ಮಾಸ್ಟರಾಗಿದ್ದಾಗ ತಲೆಯಲ್ಲಿ ಇದ್ದದ್ದು ಧರ್ಮ, ಗ್ರೀಕು, ಲ್ಯಾಟಿನ್, ದೊಡ್ಡ ಹುಡುಗರ ಕೈಲಿ ಚಿಕ್ಕವರನ್ನ ಆಳಿಸೋ ಪದ್ಧತಿ. ಆಟ ನಡೀತಿತ್ತು, ಅವನು ಬೇಡ ಅನ್ನಲಿಲ್ಲ."

"ಹಾಗಾದ್ರೆ ಯಾರು?"

"ಎರಡನೇ ಕಾಟನ್. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್."

ಈ ಕಾಟನ್ ಹುಟ್ಟಿದ್ದು 1813ರ ಅಕ್ಟೋಬರಿನಲ್ಲಿ. ಮಗು ಹುಟ್ಟಿ ಎರಡು ವಾರವಾಗುವಷ್ಟರಲ್ಲಿ ಕ್ಯಾಪ್ಟನ್ ಆಗಿದ್ದ ತಂದೆ ನೀವೆಲ್ ಯುದ್ಧದಲ್ಲಿ ಸತ್ತ. ಎಲ್ಲಿಸ್‌ನ ತಂದೆಯನ್ನು ಬಲಿ ತೆಗೆದುಕೊಂಡ ನೆಪೋಲಿಯನ್ ಕಾಲದ ಯುದ್ಧವೇ ಇವನಿಗೂ ತಂದೆಯಿಲ್ಲದಂತೆ ಮಾಡಿತು. 1837ರಲ್ಲಿ ಆರ್ನಾಲ್ಡ್ ಇವನನ್ನು ರಗ್ಬಿಗೆ ಮೇಷ್ಟರಾಗಿ ಕರೆದುಕೊಂಡ. 'ಟಾಮ್ ಬ್ರೌನ್' ಕಾದಂಬರಿಯ ಕೊನೆಯಲ್ಲಿ ಕ್ರಿಕೆಟ್ ಆಟ ನೋಡುತ್ತಾ ಟಾಮ್ ಜೊತೆ ಮಾತಾಡುವ ಹೆಸರಿಲ್ಲದ ಯುವ ಮೇಷ್ಟ್ರು ಇವನೇ. ಹದಿನೈದು ವರ್ಷ ಅಲ್ಲಿದ್ದು, 1852ರಲ್ಲಿ ಮಾರ್ಲ್‌ಬರೋ ಕಾಲೇಜಿನ ಮುಖ್ಯಸ್ಥನಾಗಿ ಹೋದ. ಆ ಶಾಲೆಯೋ ಕೆಟ್ಟು ಕೆರ ಹಿಡಿದಿತ್ತು. ಹಿಂದಿನ ವರ್ಷವಷ್ಟೇ ದಂಗೆಯಾಗಿತ್ತು, ಮೈಮೇಲೆ ಸಾಲ ಬೇರೆ. ಹುಡುಗರು ಬಿಡುವಿದ್ದಾಗಲೆಲ್ಲ ಕಾಡುಮೇಡು ಅಲೆದು ಕಳ್ಳಬೇಟೆಯಾಡಿ ರೈತರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು.

"ಅವನು ಮಾಡಿದ್ದಿಷ್ಟೇ. 1853ರಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಸುತ್ತೋಲೆ ಕಳಿಸಿದ. ಇನ್ನು ಮುಂದೆ ಹುಡುಗರ ಬಿಡುವಿನ ಹೊತ್ತು ಶಾಲೆಯ ಮೈದಾನದಲ್ಲಿ, ಏರ್ಪಾಟು ಮಾಡಿದ ಆಟದಲ್ಲಿ ಕಳೆಯುತ್ತೆ ಅಂತ. ರಗ್ಬಿಯಿಂದ ಯುವ ಮೇಷ್ಟರುಗಳನ್ನ ಕರೆಸಿ ಹುಡುಗರ ಜೊತೆ ಆಡೋಕೆ ಬಿಟ್ಟ. ದಣಿದ ಹುಡುಗ ರಾತ್ರಿ ದಂಗೆ ಏಳಲ್ಲ. ಆಟದ ಹುಚ್ಚು ಶಾಲೆಗಳಿಗೆ ಹತ್ತಿದ್ದು ಈ ಸುತ್ತೋಲೆಯಿಂದ ಅಂತ ಮ್ಯಾಂಗನ್ ಅನ್ನೋ ಇತಿಹಾಸಕಾರರು ತೋರಿಸಿದ್ದಾರೆ."

"ಅಂದ್ರೆ ಆಟ ಮೊದಲು ಪೊಲೀಸ್ ಕೆಲಸಕ್ಕೆ ಬಂತು. ಚಾರಿತ್ರ್ಯ ಗೀರಿತ್ರ್ಯ ಆಮೇಲೆ ಸೇರಿಸಿದ್ದು."

"ನೀನು ಹೇಳಿದ್ದು ಸ್ವಲ್ಪ ಒರಟಾಯ್ತು. ತಪ್ಪೇನಿಲ್ಲ."

ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪ್ಪಾಗಿ ಇಂಡಿಯಾಕ್ಕೆ ಬಂದ. ಇಲ್ಲಿ ನೆಲೆಸಿದ್ದ ಬಡ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಶಾಲೆ ಬೇಕೆಂದು ದುಡ್ಡು ಕೂಡಿಸಿದ. ಶಿಮ್ಲಾದಲ್ಲಿ ಒಂದು ಶಾಲೆ ಎದ್ದಿತು. 1865ರ ಏಪ್ರಿಲ್ 19ರಂದು ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ, ಸೇಂಟ್ ಮಾರ್ಕ್ಸ್ ಚರ್ಚಿನ ಪಾದ್ರಿ ಪೆಟಿಗ್ರೂ ಇನ್ನೊಂದನ್ನು ತೆರೆದ.

"ಬಿಷಪ್ ಕಾಟನ್ ಸ್ಕೂಲಾ! ರೆಸಿಡೆನ್ಸಿ ರೋಡಿಂದಾ? ನಾನು ದಿನಾ ಅದರ ಮುಂದೆ ಹೋಗ್ತೀನಿ ಮಾವ!"

"ಅದೇ. ಜನರಲ್ ತಿಮ್ಮಯ್ಯ ಓದಿದ್ದು, ರಾಜಾ ರಾಮಣ್ಣ ಓದಿದ್ದು. ಕಾಟನ್ ಮರುವರ್ಷವೇ ಹೋಗಿಬಿಟ್ಟ. 1866ರ ಅಕ್ಟೋಬರ್ 6ರಂದು ಈಗಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಸಂಜೆ ಸ್ಟೀಮರ್ ಹತ್ತುವಾಗ ಹಲಗೆಯಿಂದ ಕಾಲು ಜಾರಿ ಹೊಳೆಗೆ ಬಿದ್ದ, ಹೆಣ ಕೂಡ ಸಿಗಲಿಲ್ಲ. ಅವನ ಹೆಸರು ನಮ್ಮೂರಿಗೆ ಬಂತು. ರಗ್ಬಿ ಮಾತ್ರ ಬೆಂಗಳೂರಿನ ಮನಸ್ಸಿಗೆ ಹತ್ತಲಿಲ್ಲ, ಕ್ರಿಕೆಟ್ಟೇ ಗೆದ್ದಿತು."

ಹುಡುಗಿ ಒಪ್ಪಲಿಲ್ಲ. ತನ್ನ ಶಾಲೆಯಲ್ಲಿ ರೆಡ್ ಹೌಸ್, ಬ್ಲೂ ಹೌಸ್ ಇದ್ದವು, ತಾನೇ ಹೌಸ್ ಕ್ಯಾಪ್ಟನ್ ಆಗಿದ್ದೆ, ಬಿಳಿ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ಬಳಿಯದೆ ಬಂದವರ ಹೆಸರು ಬರೆದುಕೊಳ್ಳುತ್ತಿದ್ದೆ ಎಂದಳು. ಚೆಂಡು ಬರದಿದ್ದರೇನು, ಪ್ರಿಫೆಕ್ಟು ಬಂದನಲ್ಲ ಎಂಬುದು ಅವಳ ವಾದ. ಮಾವನಿಗೆ ಇದು ಹೊಳೆದಿರಲಿಲ್ಲ. ದೊಡ್ಡ ಹುಡುಗರ ಕೈಲಿ ಚಿಕ್ಕವರನ್ನು ಆಳಿಸುವ ಆರ್ನಾಲ್ಡನ ಏರ್ಪಾಟು ಜಯನಗರದ ಕಾನ್ವೆಂಟಿನವರೆಗೂ ನಡೆದು ಬಂದಿದೆ ಎಂದು ಒಪ್ಪಿಕೊಂಡರು.

ಆ ಏರ್ಪಾಟಿನ ಅಡಿಯಲ್ಲಿ ನರಳಿದವರೂ ಇದ್ದಾರೆ. 37 ನಿಯಮ ಬರೆದ ಮರುವರ್ಷ ಚಾರ್ಲ್ಸ್ ಡಾಜ್‌ಸನ್ ಎಂಬ ನಾಚಿಕೆ ಸ್ವಭಾವದ ಹುಡುಗ ರಗ್ಬಿಗೆ ಸೇರಿದ. ಮುಂದೆ ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ 'ಆಲಿಸ್' ಬರೆದವನು. ಅಲ್ಲಿ ಕಳೆದ ಮೂರು ವರ್ಷವನ್ನು ಏನು ಕೊಟ್ಟರೂ ಮತ್ತೆ ಬಾಳಲಾರೆ ಎಂಬ ಅರ್ಥದಲ್ಲಿ ಬರೆದುಕೊಂಡಿದ್ದಾನೆ. ಬೊಂಬಾಯಿಯ ಸಲ್ಮಾನ್ ರಶ್ದಿ 1961ರಲ್ಲಿ ಹೋದರು. ಹೊರದೇಶದವನು, ಬುದ್ಧಿವಂತ, ಆಟ ಬಾರದವನು: ಆ ಶಾಲೆಯಲ್ಲಿ ಈ ಮೂರೂ ತಪ್ಪು, ತನ್ನಲ್ಲಿ ಮೂರೂ ಇದ್ದವು ಎಂದು ಅವರು ಹೇಳಿಕೊಂಡಿದ್ದಾರೆ. ನಾನೂರು ವರ್ಷ ಬರೀ ಹುಡುಗರ ಶಾಲೆಯಾಗಿದ್ದದ್ದು 1970ರ ದಶಕದಲ್ಲಿ ಮೇಲಿನ ತರಗತಿಗೆ ಹುಡುಗಿಯರನ್ನು ಸೇರಿಸಿಕೊಂಡಿತು, 1990ರ ದಶಕದಲ್ಲಿ ಎಲ್ಲ ತರಗತಿಗೂ.

"ಸದ್ಯ," ಎಂದಳು ಹುಡುಗಿ. "ಹಾಗಾದ್ರೆ ಈ ಆಟದಲ್ಲಿ ನಂಬೋ ಅಂಥ ಹಳೇ ಕಥೆ ಒಂದೂ ಇಲ್ವಾ?"

"ಯಾಕಿಲ್ಲ? ಕಲ್ಕತ್ತಾ ಕಪ್ ಇದೆ. ಅದಕ್ಕೆ ಲೆಕ್ಕ ಇದೆ."

1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆ ನಿಂತು ತಲಾ 20 ಜನ ರಗ್ಬಿ ಆಡಿದರು. ಮುಂದಿನ ತಿಂಗಳು ಕ್ಲಬ್ ಆಯಿತು. ಮೊದಲ ವರ್ಷ ಬಾರ್ ಪುಕ್ಕಟೆ, ಸದಸ್ಯರು ತುಂಬಿ ತುಳುಕಿದರು. ಪುಕ್ಕಟೆ ಕುಡಿತ ನಿಂತದ್ದೇ ತಡ, ಸದಸ್ಯರು ಕರಗತೊಡಗಿದರು. ಬೇಸಿಗೆಯ ಝಳಕ್ಕೆ ಟೆನಿಸ್ಸು, ಪೋಲೋ ಹಿತವೆನ್ನಿಸಿತು. 1878ರಲ್ಲಿ ಕ್ಲಬ್ ಮುಚ್ಚಿದರು. ಬ್ಯಾಂಕಿನಲ್ಲಿ ಉಳಿದಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದರು, 270 ನಾಣ್ಯ. ಅವನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಗಳು ಮೂರು, ಮೂರೂ ನಾಗರಹಾವು. ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಿವೆ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ತಂಡದ ಒಬ್ಬೊಬ್ಬ ಆಟಗಾರ ಸೇರಿ ಅದನ್ನು ಎಡಿನ್‌ಬರೋ ಬೀದಿಯಲ್ಲಿ ಚೆಂಡಿನಂತೆ ಒದ್ದು ಜಜ್ಜಿಹಾಕಿದರು.

"270 ರೂಪಾಯಿ! ಅಷ್ಟಕ್ಕೆ ಈಗ ನಮಗೆ ಒಂದು ಚೆಂಡೂ ಬರಲ್ಲ ಮಾವ. ಬಾರ್ ವಿಷಯ ಮಾತ್ರ ನಮ್ಮ ಕೋಚ್‌ಗೆ ಹೇಳಲೇಬೇಕು. ನಮ್ಮಲ್ಲೂ ಭಾನುವಾರದ ಪ್ರಾಕ್ಟೀಸಿಗೆ ಹನ್ನೆರಡು ಜನ ಬರ್ತಾರೆ, ಆಮೇಲಿನ ಬಿರಿಯಾನಿಗೆ ಮೂವತ್ತು."